ಉಸ್ತಾದರ ಸ್ಪೀಡು

ಹೋದ ವಾರ ಕೊಪ್ಪಳದ ಒಂದು ಲ್ಯಾಬಿನಲ್ಲಿ ಸಕ್ಕರೆ ಪರೀಕ್ಷೆಗೆಂದು ರಕ್ತ ಕೊಡಲು ಕೂತಿದ್ದೆ. ಅಲ್ಲಿನ ಹುಡುಗಿ ಹತ್ತಿಯ ಉಂಡೆಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ನನ್ನ ತೋಳಿಗೆ ಒರೆಸಿದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ನಗು ಬಂತು.

“ಯಾಕ್ರಿ ಮೇಡಂ, ಎಲ್ಲಾರೂ ಸೂಜಿ ನೋಡಿ ಮಾರಿ ಕಿವುಚ್ತಾರ, ನೀವು ನಗಾಕತ್ತೀರಲ್ರಿ?” ಅಂದಳು.

“ಇದು ಟೇಪ್ ರೆಕಾರ್ಡರ್ ವಾಸನಿ ಐತಿ ನೋಡವಾ,” ಅಂದೆ.

ಅವಳು ನನ್ನ ಮುಖವನ್ನೊಮ್ಮೆ, ಚೀಟಿಯಲ್ಲಿ ಬರೆದಿದ್ದ ವಯಸ್ಸನ್ನೊಮ್ಮೆ ನೋಡಿ ಸೂಜಿ ಚುಚ್ಚಿದಳು. ಪಾಪ, ಅವಳಿಗೇನು ಗೊತ್ತು. ನನಗೆ ಸ್ಪಿರಿಟ್ ಎಂದರೆ ಆಸ್ಪತ್ರೆಯಲ್ಲ. ಗಂಗಾವತಿಯಲ್ಲಿ ನಮ್ಮಪ್ಪನ ಕಿರಾಣಿ ಅಂಗಡಿಗೆ ಗೋಡೆ ಹಚ್ಚಿಕೊಂಡೇ ಇದ್ದ ಒಂದು ಇಕ್ಕಟ್ಟಾದ ರಿಪೇರಿ ಅಂಗಡಿ. ಬೆಂಕಿಕಡ್ಡಿಗೆ ಹತ್ತಿ ಸುತ್ತಿ, ಸ್ಪಿರಿಟ್ಟಿನಲ್ಲಿ ಅದ್ದಿ, ಟೇಪ್ ರೆಕಾರ್ಡರಿನ ಹೆಡ್ಡನ್ನು, ಅಂದರೆ ಟೇಪು ಸವರಿಕೊಂಡು ಹೋಗುವ ಲೋಹದ ತುಂಡನ್ನು, ಕೂಸಿನ ಕಿವಿ ಒರೆಸುವಷ್ಟು ನಾಜೂಕಾಗಿ ಒರೆಸುತ್ತಿದ್ದ ನಮ್ಮ ಉಸ್ತಾದರು ಕೂರುತ್ತಿದ್ದದ್ದು ಅಲ್ಲಿಯೇ.

ಹಗಲು ಅವರು ರೇಡಿಯೋ, ಟೇಪು ರಿಪೇರಿ ಮಾಡುವವರು. ಮದುವೆ, ಗಣಪತಿ, ಉರುಸು ಇದ್ದ ದಿನ ಗಿಟಾರು ಹೆಗಲಿಗೆ ಹಾಕಿಕೊಂಡು ಹೊರಡುವವರು. ಐದು ಜನರ ಆರ್ಕೆಸ್ಟ್ರಾ ಪಾರ್ಟಿ ಅವರದು. ಶ್ರೀರಾಮನಗರಕ್ಕೆ ಹೋದರೆ ತೆಲುಗು ಹಾಡು ಬಾರಿಸಲೇಬೇಕು, ಯಲಬುರ್ಗಾ ಕಡೆಯ ಮಂಗಳೂರಿಗೆ ಹೋದರೆ ಮೊದಲು ಎರಡು ಭಕ್ತಿಗೀತೆ ಆಗಲೇಬೇಕು. ಅವರಿಗೆ ಎಲ್ಲವೂ ಬರುತ್ತಿತ್ತು. ನಾನು ಕಾಲೇಜಿಗೆ ಕಾಲಿಡುವ ಹೊತ್ತಿಗೆ ಅವರಿಗೆ ಐವತ್ತೈದು ದಾಟಿತ್ತು. ಮೆಹಂದಿ ಹಚ್ಚಿ ಕೆಂಪಾದ ಗಡ್ಡ, ಮೂಗಿನ ತುದಿಗೆ ಜಾರಿದ ಕನ್ನಡಕ, ಎಡಗೈ ಬೆರಳ ತುದಿಗಳಲ್ಲಿ ತಂತಿ ಒತ್ತಿ ಒತ್ತಿ ಗಟ್ಟಿಯಾದ ಚರ್ಮ. ಬಿಸಿ ಚಹಾ ಲೋಟವನ್ನು ಆ ಬೆರಳುಗಳಲ್ಲೇ ಹಿಡಿಯುತ್ತಿದ್ದರು, ಸುಡುತ್ತಿರಲಿಲ್ಲ.

ಅವರು ಕೆಲಸ ಮಾಡುತ್ತಿದ್ದ ರೀತಿಯನ್ನು ಇಲ್ಲಿ ಹೇಳಲೇಬೇಕು. ಟೇಪ್ ರೆಕಾರ್ಡರಿನ ಮೋಟರಿನ ಬೆನ್ನಿಗೆ ಒಂದು ಸಣ್ಣ ತೂತು ಇರುತ್ತದೆ, ಅದರೊಳಗೊಂದು ಸ್ಕ್ರೂ. ಅದನ್ನು ತಿರುವಿದರೆ ಟೇಪು ಓಡುವ ಸ್ಪೀಡು ಹೆಚ್ಚು ಕಡಿಮೆಯಾಗುತ್ತದೆ. ದೊಡ್ಡ ಊರಿನವರ ಹತ್ತಿರ ಸ್ಪೀಡು ಅಳೆಯಲು ಏನೇನೋ ಇರುತ್ತಿತ್ತಂತೆ. ನಮ್ಮ ಉಸ್ತಾದರ ಹತ್ತಿರ ಇದ್ದದ್ದು ಅವರಪ್ಪನ ಹಳೆಯ ಪೇಟಿ, ಅಂದರೆ ಹಾರ್ಮೋನಿಯಂ. ಒಂದು ಭಜನೆ ಕ್ಯಾಸೆಟ್ ಇಟ್ಟಿದ್ದರು, ಅದರ ಗಾಯಕರು ಹಾಡುವುದು ಕಪ್ಪು ಎರಡರಲ್ಲಿ, ಅಂದರೆ ಪೇಟಿಯ ಎರಡನೇ ಕಪ್ಪು ಮನೆಯನ್ನು ಷಡ್ಜ ಮಾಡಿಕೊಂಡು ಎಂದು ಅವರಿಗೆ ಖಾತ್ರಿ ಇತ್ತು. ರಿಪೇರಿಯಾದ ಪ್ರತಿ ಟೇಪಿಗೂ ಆ ಕ್ಯಾಸೆಟ್ ಹಾಕಿ, ಎಡಗೈಯಲ್ಲಿ ಪೇಟಿಯ ಆ ಮನೆಯನ್ನು ಒತ್ತಿ ಹಿಡಿದು, ಬಲಗೈಯಲ್ಲಿ ಸ್ಕ್ರೂ ತಿರುವುತ್ತಿದ್ದರು. ತಿದಿ ಒತ್ತಲು ಮೂರನೇ ಕೈ ಬೇಕಲ್ಲ, ಅದು ನನ್ನದು. ಗಾಯಕರ ದನಿಯೂ ಪೇಟಿಯ ದನಿಯೂ ಒಂದಾದ ಕ್ಷಣಕ್ಕೆ ಕಣ್ಣು ಮುಚ್ಚಿ “ಆತು” ಅನ್ನುತ್ತಿದ್ದರು. ಗಂಗಾವತಿಯ ಅರ್ಧ ಊರಿನ ಟೇಪುಗಳು ಹೀಗೇ ಅವರ ಕೈಯಿಂದ ದಾಟಿ ಹೋದವು.

ಕುಷ್ಟಗಿಯಲ್ಲಿದ್ದ ನಮ್ಮ ಸೋದರತ್ತೆಯ ಮನೆಗೆ ಹೋದಾಗಲೆಲ್ಲ ನನಗೆ ಅಲ್ಲಿನ ಟೇಪು ಸರಿ ಬರುತ್ತಿರಲಿಲ್ಲ. ಅದೇ ಹಾಡು ಅಲ್ಲಿ ತೂಕಡಿಸುತ್ತ ಬರುತ್ತಿತ್ತು. “ನಿಮ್ಮ ಟೇಪ್ ಕೆಟ್ಟೈತ್ರಿ ಅತ್ತಿ” ಎಂದು ತೀರ್ಪು ಕೊಟ್ಟು, ಅದನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಗಂಗಾವತಿಗೆ ತಂದು, ಉಸ್ತಾದರಿಂದ ಸ್ಪೀಡು ಸರಿ ಮಾಡಿಸಿ ವಾಪಸ್ ಕಳಿಸಿದವಳು ನಾನೇ. ಎಂಥಾ ಶಾಣ್ಯಾಕಿ!

ಹೀಗಿರುವಾಗ ಒಂದು ಪರದೇಶದ ಕ್ಯಾಸೆಟ್ ನಮ್ಮ ಕೈಗೆ ಬಂತು, ಹನುಮನಹಳ್ಳಿ ಕಡೆಯಿಂದ. ಅಲ್ಲಿ ಬೆಟ್ಟ ನೋಡಲು, ನದಿ ದಂಡೆಯಲ್ಲಿ ಬಿದ್ದುಕೊಳ್ಳಲು ಬರುವ ಫಾರಿನ್ನಿನವರಲ್ಲಿ ಒಬ್ಬ, ಕಿವಿಗೆ ಹಚ್ಚಿಕೊಂಡು ಕೇಳುವ ಸಣ್ಣ ಟೇಪು ಕೆಟ್ಟಿತೆಂದು ಹುಡುಕಿಕೊಂಡು ಬಂದಿದ್ದ. ಉಸ್ತಾದರು ಬೆಲ್ಟು ಬದಲಿಸಿ, ಪೇಟಿ ಒತ್ತಿ, ಸ್ಕ್ರೂ ತಿರುವಿ ಕೊಟ್ಟರು. ಅವನು ಕಿವಿಗೆ ಹಚ್ಚಿ ಕೇಳಿದ, ಹುಬ್ಬೇರಿಸಿದ, ಬೆರಳನ್ನು ಗಾಳಿಯಲ್ಲಿ ಗಿರಗಿರ ತಿರುಗಿಸಿ ನಕ್ಕ. ನಾವೂ ನಕ್ಕೆವು. ಖುಷಿಯಾಗಿದ್ದಾನೆ ಅಂದುಕೊಂಡೆವು. ಹೋಗುವಾಗ ಉಸ್ತಾದರ ಗಿಟಾರು ಗೋಡೆಗೆ ತೂಗುಹಾಕಿದ್ದನ್ನು ನೋಡಿ, ತನ್ನ ಚೀಲದಿಂದ ಒಂದು ಕ್ಯಾಸೆಟ್ ತೆಗೆದು ಅವರ ಕೈಗಿಟ್ಟು ಹೋದ.

ಆ ಬ್ಯಾಂಡಿನ ಹೆಸರು ನಮ್ಮ ನಾಲಿಗೆಗೆ ಹೊರಳುತ್ತಿರಲಿಲ್ಲ. ರಟ್ಟಿನ ಮೇಲೆ ಹೆಗಲವರೆಗೆ ಕೂದಲು ಬಿಟ್ಟ ನಾಲ್ವರಿದ್ದರು. ಹಾಗಾಗಿ ಅದು “ಉದ್ದ ಕೂದಲಿನವರ ಕ್ಯಾಸೆಟ್” ಆಯಿತು. ಎರಡನೇ ಬದಿಯ ಮೊದಲ ಹಾಡಿನ ನಡುವೆ ಗಿಟಾರಿನವನೊಬ್ಬನೇ ಬಾರಿಸುವ ಒಂದು ತುಂಡು ಇತ್ತು. ಅಬ್ಬಬ್ಬಾ! ಬೆರಳೋ, ಯಂತ್ರವೋ ತಿಳಿಯುತ್ತಿರಲಿಲ್ಲ. ಉಸ್ತಾದರು ಮೊದಲ ಸಲ ಕೇಳಿದಾಗ ಕೈಯಲ್ಲಿದ್ದ ಸೋಲ್ಡರಿಂಗ್ ಕಡ್ಡಿಯನ್ನು ಹಾಗೇ ಮೇಜಿಗೆ ಒತ್ತಿ ಹಿಡಿದುಕೊಂಡು ಕೂತುಬಿಟ್ಟರು. ಮೇಜು ಸುಟ್ಟು ಹೊಗೆ ಬಂದ ಮೇಲೇ ಎಚ್ಚರವಾದದ್ದು.

ಅಲ್ಲಿಂದ ಶುರುವಾಯಿತು ಜಗಳ. ನನ್ನ ಅಣ್ಣ ನನ್ನ ಕಾಲೇಜಿನಲ್ಲೇ ಕೊನೆಯ ವರ್ಷದಲ್ಲಿದ್ದ. ಅವನ ಪ್ರಕಾರ ಗಿಟಾರಿನವನ ತಾಕತ್ತು ಎಂದರೆ ಸ್ಪೀಡು, ಬೇರೆ ಮಾತೇ ಇಲ್ಲ. ಒಂದು ಸ್ವರವನ್ನು ಎಳೆದು, ನಡುಗಿಸಿ, ಕೇಳುವವನ ಹೊಟ್ಟೆಯಲ್ಲಿ ಸಂಕಟ ಎಬ್ಬಿಸುವುದೇ ತಾಕತ್ತು ಎಂದು ನನ್ನ ವಾದ. ಉಸ್ತಾದರ ಅಂಗಡಿಯ ಕಟ್ಟೆಯ ಮೇಲೆ ಕೂತು ನಾವಿಬ್ಬರೂ ಅಪ್ಪನಿಂದ ಬೈಸಿಕೊಳ್ಳುವವರೆಗೆ ಕಿರುಚಾಡುತ್ತಿದ್ದೆವು. ಉಸ್ತಾದರು ತಲೆ ಎತ್ತದೆ, “ಇಬ್ರೂ ಖರೇನ ಹೇಳ್ತೀರಿ, ಈಗ ಮನಿಗಿ ನಡೀರಿ” ಅನ್ನುತ್ತಿದ್ದರು.

ಆ ವರ್ಷ ಅಣ್ಣ ಕಾಲೇಜಿನ ಗ್ಯಾದರಿಂಗ್‌ಗೆ ಸೆಕ್ರೆಟರಿಯಾದ. ವರ್ಷದ ಕೊನೆಯ ಆ ಜಲಸಾಕ್ಕೆ ಮುಂಚಿನಿಂದಲೂ ಉಸ್ತಾದರ ಪಾರ್ಟಿಯೇ ಬರುತ್ತಿತ್ತು. ಆ ಸಲ ಅಣ್ಣನ ಗೆಳೆಯರು ಹುಬ್ಬಳ್ಳಿಯಿಂದ ಹೊಸ ಹುಡುಗರ ಪಾರ್ಟಿ ಕರೆಸೋಣ ಎಂದು ಹಟ ಹಿಡಿದರು. ಅವರಿಗೆ ಉಸ್ತಾದರದು “ಮುದುಕರ ಪಾರ್ಟಿ.” ವಿಷಯ ಅಷ್ಟಕ್ಕೇ ನಿಂತಿದ್ದರೆ ಚೆನ್ನಿತ್ತು. ಆದರೆ ಅಣ್ಣ ನಾಲ್ಕು ಜನ ಗೆಳೆಯರನ್ನು ಕಟ್ಟಿಕೊಂಡು ಅಂಗಡಿಗೇ ಬಂದ.

“ಉಸ್ತಾದ್, ಆ ಉದ್ದ ಕೂದಲಿನಾಂವಂದು ತುಂಡ್ ಐತೆಲ್ರಿ, ಅದನ್ನ ಕ್ಯಾಸೆಟ್ ಸಂಗಟ ಬಾರಿಸಿ ತೋರಸ್ರಿ. ಬಾರಿಸಿದ್ರ ಗ್ಯಾದರಿಂಗ್ ನಿಮ್ದ,” ಅಂದ.

ಉಸ್ತಾದರು ಗಿಟಾರು ಇಳಿಸಿದರು. ನಾನು ಟೇಪಿನ ಗುಂಡಿ ಒತ್ತಿದೆ. ಮೊದಲ ಭಾಗ ದಾಟಿತು. ನಡುವೆ ಸ್ವರಗಳು ಒಂದರ ಬೆನ್ನಿಗೊಂದು ನುಗ್ಗುವ ಜಾಗಕ್ಕೆ ಬಂದಾಗ ಅವರು ಹಿಂದೆ ಬಿದ್ದರು. ಕ್ಯಾಸೆಟ್ಟಿನವನು ಮುಂದೆ ಹೋಗೇಬಿಟ್ಟ. ಉಸ್ತಾದರ ಬೆರಳು ಎರಡು ಸಲ ತಡಕಾಡಿ ನಿಂತಿತು. ಹುಡುಗರಲ್ಲೊಬ್ಬ ಕಿಸಕ್ಕೆಂದ.

“ವಯಸ್ಸಾತ್ರಿ ಉಸ್ತಾದ್. ಬಿಟ್ಟುಬಿಡ್ರಿ,” ಅಂದ ಅಣ್ಣ.

ನಮ್ಮ ಮನೆಯಲ್ಲೇ ಬೆಳೆದ ಬಾಯಿಂದ ಆ ಮಾತು ಬಂತಲ್ಲ ಎಂದು ನನಗೆ ಮೈಯೆಲ್ಲ ಉರಿದುಹೋಯಿತು. ಅಣ್ಣ ಚಿಕ್ಕವನಿದ್ದಾಗ ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು ಗಣಪತಿ ತೋರಿಸಿದವರು ಅವರು. ಉಸ್ತಾದರು ಸಿಟ್ಟಾಗಲಿಲ್ಲ. ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿಕೊಂಡರು. ಅದು ಒರೆಸುವಷ್ಟು ಕೊಳೆಯಾಗಿರಲಿಲ್ಲ...

“ಗ್ಯಾದರಿಂಗಿಗೆ ಇನ್ನಾ ಮೂರು ತಿಂಗಳು ಐತೆಲ್ಲೋ ತಮ್ಮಾ. ಅವತ್ತ ಸ್ಟೇಜ್ ಮ್ಯಾಲೆ ಬಾರಿಸ್ತೀನಿ. ಆಗಲಿಲ್ಲಂದ್ರ ಅವತ್ತ ಎಲ್ಲಾರ ಮುಂದ ಗಿಟಾರ್ ಕೆಳಗಿಡ್ತೀನಿ, ಮತ್ತ ಮುಟ್ಟೂದಿಲ್ಲ,” ಅಂದರು.

ಹುಡುಗರಿಗೆ ತಮಾಷೆ ಸಿಕ್ಕಂತಾಗಿ ಒಪ್ಪಿಕೊಂಡು ಹೋದರು. ನಾನು ಅಣ್ಣನ ಜೊತೆ ಮೂರು ತಿಂಗಳು ಮಾತು ಬಿಟ್ಟೆ. ಒಂದೇ ಮನೆಯಲ್ಲಿದ್ದುಕೊಂಡು, ಒಂದೇ ಪಂಕ್ತಿಯಲ್ಲಿ ಉಣ್ಣುತ್ತ ಮಾತು ಬಿಡುವುದು ಸುಲಭವಲ್ಲ. ಅವ್ವನ ಮೂಲಕ ಉಪ್ಪು ಕೇಳುತ್ತಿದ್ದೆ.

ಆ ಮೂರು ತಿಂಗಳು ನಾನು ಕಾಲೇಜು ಮುಗಿಸಿ ನೇರ ಅಂಗಡಿಗೆ ಹೋಗುತ್ತಿದ್ದೆ. ಕ್ಯಾಸೆಟ್ ಹಿಂದಕ್ಕೆ ಸುತ್ತುವುದು, ಮತ್ತೆ ಹಚ್ಚುವುದು, ಎಲ್ಲಿ ತಪ್ಪಿತೋ ಹೇಳುವುದು ನನ್ನ ಕೆಲಸ. ಅವರು ಗಿಟಾರನ್ನು ಕ್ಯಾಸೆಟ್ಟಿನ ಶ್ರುತಿಗೇ ಬಿಗಿ ಮಾಡಿಕೊಳ್ಳುತ್ತಿದ್ದರು. ಹಾಗೆ ಬಿಗಿದಾಗಲೆಲ್ಲ ತೆಳು ತಂತಿ ಟಣ್ಣೆಂದು ಹರಿಯುತ್ತಿತ್ತು. “ಏನ್ ತಂತಿ ಮಾಡ್ತಾರೋ ಈಗಿನವರು, ದಮ್ಮ ಇಲ್ಲ” ಎಂದು ತಂತಿ ಮಾಡಿದವರನ್ನು ಬೈಯುತ್ತಿದ್ದರು. ಬೆರಳ ತುದಿಯ ಗಟ್ಟಿ ಚರ್ಮವೂ ಒಡೆದು, ರಕ್ತ ಒಸರಿ, ಅದಕ್ಕೂ ಅದೇ ಸ್ಪಿರಿಟ್ಟು ಹಚ್ಚಿಕೊಳ್ಳುತ್ತಿದ್ದರು. ಆ ಉರಿಗೆ ಹಲ್ಲು ಕಚ್ಚಿ “ಹಾಯ್ ಅಲ್ಲಾ” ಎಂದು ಮತ್ತೆ ಗಿಟಾರು ಎತ್ತುತ್ತಿದ್ದರು.

ಒಂದು ದಿನ ನನಗೆ ನೋಡಲಾಗಲಿಲ್ಲ. “ಉಸ್ತಾದ್, ಸ್ಕ್ರೂ ತುಸು ಸಡ್ಲ ಮಾಡ್ರಿ. ಟೇಪ್ ಸಾವಕಾಶ ಓಡ್ಲಿ. ಮೊದ್ಲ ಹಂಗ ಕಲೀರಿ, ಆಮ್ಯಾಲ ಏರಿಸಿದ್ರಾತು,” ಅಂದೆ.

ಅವರು ಗಿಟಾರಿನ ಮೇಲಿಂದ ಕೈ ತೆಗೆದು ನನ್ನನ್ನು ನೋಡಿದರು. “ಅಂವಾ ಎಷ್ಟ ಜಲ್ದಿ ಬಾರಿಸ್ಯಾನ ಬೇಟಿ, ನಾನೂ ಅಷ್ಟ ಜಲ್ದಿ ಬಾರಸ್ಬೇಕು. ಅಂವನ್ನ ಸಾವಕಾಶ ಮಾಡಿ ಗೆಲ್ಲೂದು ಅಂದ್ರ ಮೋಸ ಆಕ್ಕೈತಿ. ಸ್ಪೀಡ್ ಕರೆಕ್ಟ್ ಐತಿ, ಅದನ್ನ ಮುಟ್ಟಬ್ಯಾಡ.”

ಗ್ಯಾದರಿಂಗಿನ ದಿನ ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದರು. ಕಿಸೆಯಲ್ಲಿ ಮೂರು ಹೊಸ ತಂತಿ ಸುತ್ತಿಟ್ಟುಕೊಂಡಿದ್ದರು. ಅಂಗಡಿಯ ಟೇಪನ್ನೇ ಸ್ಟೇಜಿನ ಮೇಲೆ ಒಂದು ಕುರ್ಚಿಯ ಮೇಲಿಟ್ಟು, ಅದರ ಮುಂದೆ ಮೈಕು ಇಟ್ಟೆವು. ಗುಂಡಿ ಒತ್ತಿದವಳು ನಾನೇ. ಅಣ್ಣ ಪರದೆಯ ಪಕ್ಕ ಕೈಕಟ್ಟಿ ನಿಂತಿದ್ದ.

ಮೊದಲ ಭಾಗ ದಾಟಿತು. ಆ ಜಾಗ ಬಂತು. ನಾನು ಕಣ್ಣು ಮುಚ್ಚಿಕೊಂಡೆ. ಎರಡು ಗಿಟಾರು ಕೇಳಬೇಕಿತ್ತಲ್ಲ, ಒಂದೇ ಕೇಳಿಸುತ್ತಿತ್ತು. ಉಸ್ತಾದರು ನಿಂತುಬಿಟ್ಟರೇನೋ ಎಂದು ಗಾಬರಿಯಾಗಿ ಕಣ್ಣು ಬಿಟ್ಟರೆ, ಅವರ ಬೆರಳು ಓಡುತ್ತಲೇ ಇತ್ತು. ಎರಡೂ ಒಂದಾಗಿಬಿಟ್ಟಿದ್ದವು! ಕೊನೆಯ ಎಳೆತದ ಸ್ವರದಲ್ಲಿ ಕ್ಯಾಸೆಟ್ಟಿನವನು ನಿಂತ ಮೇಲೂ ಉಸ್ತಾದರು ಅದನ್ನು ಒಂದು ಉಸಿರಿನಷ್ಟು ಹೆಚ್ಚು ಹಿಡಿದರು. ಆಮೇಲೆ ಬಿಟ್ಟರು. ಹುಡುಗರು ಬೆಂಚು ಹತ್ತಿ ಸಿಳ್ಳೆ ಹಾಕಿದರು. ಅವತ್ತು ಕಿಸಕ್ಕೆಂದಿದ್ದವನೇ ಎಲ್ಲರಿಗಿಂತ ಜೋರಾಗಿ “ಒನ್ಸ್ ಮೋರ್” ಎಂದು ಕೂಗುತ್ತಿದ್ದ. ನಮ್ಮ ಉಸ್ತಾದರು, ಗಂಗಾವತಿಯವರು, ನಮ್ಮ ಗೋಡೆಯ ಪಕ್ಕದವರು! ನನಗೆ ಎದೆ ಉಬ್ಬಿ ಅಳು ಬಂತು. ಇಂದಿಗೂ ಆ ಹೆಮ್ಮೆ ಒಂದು ಗುಂಜಿಯೂ ಕಡಿಮೆಯಾಗಿಲ್ಲ.

ಅಣ್ಣ ಮರುದಿನ ಅಂಗಡಿಗೆ ಬಂದು ಬಾಗಿಲಲ್ಲೇ ನಿಂತ. “ತಪ್ಪಾತ್ರಿ ಉಸ್ತಾದ್” ಅಂದ.

“ಏ ಹುಚ್ಚಾ, ಬಾ ಕುಂದ್ರು. ನೀ ಹಂಗ ಅಂದಿದ್ದಕ್ಕ ನಾ ಕಲತೆ,” ಎಂದು ಚಹಾ ತರಿಸಿದರು. ಲೋಟ ಕೆಳಗಿಟ್ಟು ತಮ್ಮಷ್ಟಕ್ಕೆ ಅಂದುಕೊಂಡಂತೆ ಅಂದರು: “ಆದರ ಅಂವಾ ದೊಡ್ಡಾಂವ ನೋಡ್ರಿ. ನಾ ಉಸಿರು ಬಿಗಿಹಿಡದು ಬಾರಿಸೀನಿ. ಅಂವಾ ನಕ್ಕೋತ ಬಾರಿಸಿರ್ತಾನ. ಅಂವನ ಮುಂದ ನಾ ಎಲ್ಲಿ...”

ಆ ಮಾತು ಅವರು ಆಮೇಲೂ ಎಷ್ಟೋ ಸಲ ಅಂದರು. ಪಾರ್ಟಿ ಇನ್ನೂ ಕೆಲವು ವರ್ಷ ನಡೆಯಿತು. ಆಮೇಲೆ ಡಿಜೆ ಬಂತು, ಮದುವೆಗಳಿಗೆ ಗಿಟಾರು ಬೇಡವಾಯಿತು. ಕ್ಯಾಸೆಟ್ಟೂ ಹೋಯಿತು. ನಾನು ನೌಕರಿ ಹಿಡಿದು ಕೊಪ್ಪಳ ಸೇರಿದೆ. ಒಂದೆರಡು ವರ್ಷದ ಹಿಂದೆ ಉಸ್ತಾದರು ತೀರಿಕೊಂಡ ಸುದ್ದಿ ಅಣ್ಣನೇ ಫೋನಿನಲ್ಲಿ ಹೇಳಿದ, ಹೇಳಲಾಗದೆ ಎರಡು ಸಲ ಫೋನು ಇಟ್ಟು ಮತ್ತೆ ಮಾಡಿದ. ನಾನು ಹೋಗುವಷ್ಟರಲ್ಲಿ ಮಣ್ಣಾಗಿತ್ತು...

ಹೋದ ದೀಪಾವಳಿಗೆ ಗಂಗಾವತಿಗೆ ಹೋಗಿದ್ದೆ. ಅಣ್ಣನ ಮಗ ಈಗ ಕಾಲೇಜು, ಅವನೂ ಗಿಟಾರು ಬಾರಿಸುತ್ತಾನೆ. ಫೋನು ಹಿಡಿದು ಬಂದ. “ಅತ್ತಿ, ನೀವು ಹೇಳ್ತಿರ್ತೀರೆಲ್ರಿ ಆ ಉದ್ದ ಕೂದಲಿನವ್ರು, ಇನ್ನಾ ಬಾರಸ್ತಾರ ನೋಡ್ರಿ. ಮುದುಕ್ರಾಗ್ಯಾರ. ಸುಮ್ಮ ಮನ್ಯಾಗ ಕುಂದ್ರೂದು ಬಿಟ್ಟು ಯಾಕ್ ಬೇಕ್ರಿ ಇವ್ರಿಗೆ?” ಅಂದ.

ಅಪ್ಪನ ಬಾಯಿ, ಅಪ್ಪನದೇ! ಅಣ್ಣ ಮಾತ್ರ ತಲೆ ತಗ್ಗಿಸಿ ಕೂತಿದ್ದ. ನಾನು ನೋಡಿದೆ. ಕೂದಲು ಉದುರಿದ, ಹೊಟ್ಟೆ ಬಂದ ನಾಲ್ವರು ಅದೇ ಹಾಡು ಬಾರಿಸುತ್ತಿದ್ದರು. ಎದುರಿನ ಜನ, ಅವರಲ್ಲಿ ಇವನ ವಯಸ್ಸಿನವರೇ ಎಷ್ಟೋ ಮಂದಿ, ಜೊತೆಗೆ ಹಾಡುತ್ತಿದ್ದರು. “ಸಾವಕಾಶ ಆಗ್ಯಾರ ಬಿಡು, ಅದಕ್ಕೇನಾತು? ಆ ಸ್ವರಾ ಹೆಂಗ ಎಳದ್ರು ನೋಡು. ನಿನ್ನ ವಯಸ್ಸಿನಾಗ ಬರೂದಲ್ಲ ಅದು,” ಅಂದೆ.

“ಸಾವಕಾಶ ಏನಾಗಿಲ್ರಿ ಅತ್ತಿ. ಮೊದ್ಲೂ ಇಷ್ಟ ಸ್ಪೀಡ್ ಇತ್ತು,” ಎಂದು ಅವನು ಅವರ ಹರೆಯದ ಕಾಲದ ಅದೇ ಹಾಡು ಹಚ್ಚಿದ. ಅದೇ ಹಾಡು, ಅದೇ ತುಂಡು. ಆದರೆ ತೂಕಡಿಸುತ್ತ ಬರುತ್ತಿತ್ತು, ಕುಷ್ಟಗಿಯ ಅತ್ತೆಯ ಮನೆಯಲ್ಲಿ ಬಂದ ಹಾಗೆ.

“ನಿನ್ನ ಫೋನ್ ಕೆಟ್ಟೈತಿ,” ಅಂದ ಅಣ್ಣ.

“ಫೋನ್ ಹಂಗ ಕೆಡ್ತೈತೇನ್ರಿ ಅಪ್ಪಾ!”

ಅಣ್ಣ ಎದ್ದು ಅಟ್ಟ ಹತ್ತಿ, ಉಸ್ತಾದರೇ ಸ್ಪೀಡು ಕೂಡಿಸಿದ್ದ ನಮ್ಮ ಹಳೆಯ ಟೇಪನ್ನೂ ಆ ಕ್ಯಾಸೆಟ್ಟನ್ನೂ ಇಳಿಸಿ ತಂದ. ಉಸ್ತಾದರು ಅಂಗಡಿ ಮುಚ್ಚುವಾಗ ಕ್ಯಾಸೆಟ್ಟನ್ನು ಅವನಿಗೇ ಕೊಟ್ಟಿದ್ದರು. ಎರಡನ್ನೂ ಅಕ್ಕಪಕ್ಕ ಇಟ್ಟು ಒಟ್ಟಿಗೆ ಹಚ್ಚಿದೆವು. ಕ್ಯಾಸೆಟ್ಟು ಅರ್ಧ ಸ್ವರ ಮೇಲಿತ್ತು, ಫೋನನ್ನು ಹಿಂದೆ ಬಿಟ್ಟು ಓಡುತ್ತಿತ್ತು. ಅಣ್ಣ ನನ್ನ ಮುಖ ನೋಡಿದ. “ಅಂದ್ರ ಉಸ್ತಾದ್ರು...” ಅಂದವನು ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತಿ ಮತ್ತೆ ಹಚ್ಚಿದ.

ಮರುದಿನ ಬೆಳಿಗ್ಗೆಯೇ ಪೇಟಿ ನೋಡಲೆಂದು ಉಸ್ತಾದರ ಹೆಂಡತಿಯ ಮನೆಗೆ ಹೋದೆ, ಅವರನ್ನು ನಾವು ಖಾಲಾ ಅನ್ನುತ್ತೇವೆ. ಪೇಟಿ ಅಲ್ಲೇ ಕಪಾಟಿನ ಮೇಲೆ ಹಸಿರು ಬಟ್ಟೆ ಹೊದ್ದು ಕೂತಿತ್ತು. ಅಣ್ಣನ ಮಗ ನನ್ನ ಫೋನಿನಲ್ಲಿ ಶ್ರುತಿ ತೋರಿಸುವ ಆಪ್ ಹಾಕಿಕೊಟ್ಟಿದ್ದ. ಕಪ್ಪು ಎರಡು ಒತ್ತಿದೆ. ಫೋನು ಅದನ್ನು ಪಕ್ಕದ ಮೇಲಿನ ಮನೆ ಎಂದು ತೋರಿಸಿತು. ಅಲ್ಲಿಗೆ ಎಲ್ಲ ತಿಳಿಯಿತು. ಪೇಟಿ ಅರ್ಧ ಸ್ವರ ಮೇಲಿತ್ತು. ಅದಕ್ಕೆ ಕೂಡಿಸಿದ ಊರಿನ ಟೇಪುಗಳೆಲ್ಲ ಅಷ್ಟೇ ಜೋರಾಗಿ ಓಡುತ್ತಿದ್ದವು. ತಂತಿ ಹರಿಯುತ್ತಿದ್ದದ್ದು ಅದಕ್ಕೇ. ಆ ಫಾರಿನ್ನಿನವನು ಬೆರಳು ತಿರುಗಿಸಿ ನಕ್ಕದ್ದೂ ಅದಕ್ಕೇ!

ನಾನು ಖುಷಿಯಲ್ಲಿ ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟೆ. ಖಾಲಾ ಅವರ ಮುಖ ಮಾತ್ರ ಸಣ್ಣದಾಯಿತು. “ಅಂದ್ರ ಪೇಟಿ ತಪ್ಪಿತ್ತೇನವಾ? ಊರಿಗೆಲ್ಲಾ ತಪ್ಪು ಮಾಡಿ ಕೊಟ್ರೇನು ಅವ್ರು?”

ನನಗೆ ನಾಲಿಗೆ ಕಚ್ಚಿಕೊಳ್ಳುವಂತಾಯಿತು. ಅಷ್ಟರಲ್ಲಿ ಖಾಲಾ ತಾವೇ ನೆನಪಿಸಿಕೊಂಡರು. “ಇಲ್ಲ ನೋಡು, ಅದು ತಪ್ಪಲ್ಲ. ನಮ್ಮ ಮಾವ ಹಳ್ಳಿ ನಾಟಕಕ್ಕ ಪೇಟಿ ಬಾರಸ್ತಿದ್ರು. ಮೈಕ್ ಇರಲಿಲ್ಲ ಆವಾಗ. ಹಿಂದ ಕುಂತವ್ರಿಗೂ ಕೇಳ್ಲಿ ಅಂತ ಒಳಗ ದನಿ ಮಾಡೂ ಹಿತ್ತಾಳಿ ಪಟ್ಟಿ ಒಂದೊಂದ ಅರದಲೆ ತಿಕ್ಕಿ ತಿಕ್ಕಿ ದನಿ ಏರಿಸಿದ್ರಂತ. ಇವ್ರು ಆವಾಗ ಭಾಳ ಸಣ್ಣಾವ್ರು. ಮಾವ ನನ್ನ ಮುಂದ ಹೇಳಿದ್ರು, ಇವ್ರ ಮುಂದ ಹೇಳಿದ್ರೋ ಇಲ್ಲೋ...”

“ತಪ್ಪಲ್ರಿ ಖಾಲಾ. ಅದರಿಂದನ ಉಸ್ತಾದ್ರು ಅಂವನಕಿಂತ ಜಲ್ದಿ ಬಾರಿಸ್ಯಾರ. ಅಂವಾ ಹರೇದಾಂವ ಇದ್ದಾಗ ಬಾರಿಸಿದ್ದಕ್ಕಿಂತ ಜಲ್ದಿ, ಇವರು ಐವತ್ತೈದ ದಾಟಿದ ಮ್ಯಾಲ.”

ಖಾಲಾ ಪೇಟಿಯ ಮೇಲಿನ ಬಟ್ಟೆಯನ್ನು ಸರಿ ಮಾಡಿದರು. ಮತ್ತೆ ಸರಿ ಮಾಡಿದರು. “ಗೆದ್ದಿದ್ರೇನು ಹಂಗಾರ?”

“ಹೂಂ ಖಾಲಾ. ಗೆದ್ದಿದ್ರು.”

“ಸಾಯೂತನಕ ಅಂತಿದ್ರವಾ, ಅಂವಾ ದೊಡ್ಡಾಂವ, ಅಂವನ ಮುಂದ ನಾ ಎಲ್ಲಿ ಅಂತ. ನೀ ಎರಡು ವರ್ಷ ಮೊದ್ಲ ಬಂದಿದ್ರ...” ಎಂದು ಸೆರಗು ಬಾಯಿಗೆ ಹಿಡಿದರು.

ಬರಬಹುದಿತ್ತು. ಎರಡು ವರ್ಷದ ಹಿಂದೆಯೂ ಫೋನಿತ್ತು, ಆ ಹಾಡೂ ಅದರಲ್ಲಿತ್ತು. ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ಕ್ಯಾಸೆಟ್ಟು ತಲೆಯೊಳಗೇ ಇತ್ತಲ್ಲ.

ಅಟ್ಟದ ಆ ಟೇಪನ್ನೂ ಕ್ಯಾಸೆಟ್ಟನ್ನೂ ನಾನು ಕೊಪ್ಪಳಕ್ಕೆ ತಂದಿಟ್ಟುಕೊಂಡಿದ್ದೇನೆ. ಯಾರನ್ನೋ ಹಿಡಿದು ಸ್ಪೀಡು ಸರಿ ಮಾಡಿಸೋಣ ಎಂದು ಅಣ್ಣ ಒಂದೆರಡು ಸಲ ಅಂದ. ಆ ಸ್ಕ್ರೂಗೆ ಕೈ ಹಚ್ಚಿದಿ ಅಂದ್ರ ಮತ್ತ ಮಾತು ಬಿಡ್ತೀನಿ ನೋಡು, ಅಂದಿದ್ದೇನೆ. ಅವನಿಗೆ ಗೊತ್ತು, ಬಿಡುವವಳೇ.

ಲ್ಯಾಬಿನಿಂದ ಬರುವಾಗ ಮೆಡಿಕಲ್ ಅಂಗಡಿಯಲ್ಲಿ ಒಂದು ಸಣ್ಣ ಬಾಟಲಿ ಸ್ಪಿರಿಟ್ಟು, ಸ್ವಲ್ಪ ಹತ್ತಿ ತಂದೆ. ಬೆಂಕಿಕಡ್ಡಿಗೆ ಹತ್ತಿ ಸುತ್ತಿ ಹೆಡ್ಡು ಒರೆಸಿದೆ. ಉಸ್ತಾದರಷ್ಟು ನಾಜೂಕು ನನಗೆ ಬರುವುದಿಲ್ಲ, ಆದರೂ ಕಪ್ಪೆಲ್ಲ ಹೋಯಿತು. ಉದ್ದ ಕೂದಲಿನವರ ಕ್ಯಾಸೆಟ್ಟು ಹಾಕಿ ಎರಡನೇ ಬದಿ ಹಚ್ಚಿದೆ. ಆ ತುಂಡು ಬಂತು. ಗೋಡೆಯ ಕಡೆ ತಿರುಗಿ, “ಉಸ್ತಾದ್, ಅಂವಾ ಹಿಂದ ಅದಾನ್ರಿ, ನೀವ ಮುಂದ,” ಎಂದು ಗಟ್ಟಿಯಾಗಿಯೇ ಅಂದೆ. ಇದು ಗಂಗಾವತಿಯ ಆ ಗೋಡೆಯಲ್ಲ, ಆಚೆ ಯಾರೂ ಇಲ್ಲ.